ಈಕ್ವೆಡಾರಿನ ಉಪಾಧ್ಯಕ್ಷೆ ಮತ್ತು ನಾನು

ಮೊದಲೇ ಹೇಳಿಬಿಡ್ತೀನಿ, ನನಗೆ ಅಧ್ಯಕ್ಷೆ ಆಗಬೇಕಿತ್ತು. ‘ಅಯ್ಯೋ, ಕನ್ನಡ ಸಂಘದ ಅಧ್ಯಕ್ಷಗಿರಿ ಏನು ಮಹಾ’ ಅಂತ ನೀವು ನಗಬಹುದು. ನಗಿ, ಪರವಾಗಿಲ್ಲ. ಗ್ಲೆಂಡೇಲ್ ಹೈಟ್ಸ್‌ನಿಂದ ಪ್ಲೇನ್‌ಫೀಲ್ಡ್‌ವರೆಗೆ ಈ ಪರದೇಶದಲ್ಲಿ ಅಲ್ಲೊಂದು ಇಲ್ಲೊಂದು ಕನ್ನಡದ ಮನೆ ಸೇರಿಸಿಕೊಂಡು ಕಟ್ಟಿದ ಪುಟ್ಟ ಸಂಘ ನಮ್ಮದು, ಹೊನ್ನಾರು ಕನ್ನಡ ಬಳಗ. ಯುಗಾದಿ, ಗಣೇಶ, ರಾಜ್ಯೋತ್ಸವ, ಬೇಸಿಗೆಗೊಂದು ಪಿಕ್ನಿಕ್, ಅಷ್ಟೇ. ಆದರೆ ಪ್ರತಿ ಹಬ್ಬಕ್ಕೂ ಹಾಲ್ ಬುಕ್ ಮಾಡಿದವಳು ನಾನು. ಊಟದ ಕಾಂಟ್ರಾಕ್ಟಿನವನ ಜೊತೆ ಜಗಳ ಆಡಿದವಳು ನಾನು. ಕೋಲಾಟದ ಮಕ್ಕಳಿಗೆ ಕಚ್ಚೆ ಕಟ್ಟಿದವಳೂ ನಾನೇ. ಅಧ್ಯಕ್ಷರು ಮೈಕ್ ಹಿಡಿದು ‘ಕನ್ನಡ ಉಳಿಸಿ’ ಅಂತ ಭಾಷಣ ಬಿಗಿಯುವಾಗ ನಾನು ಹಿಂದಿನ ಬಾಗಿಲ ಹತ್ತಿರ ಸೌಟು ಹಿಡಿದು ನಿಂತಿರ್ತಿದ್ದೆ. ಮೈಸೂರಿನಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಯಲ್ಲಿ ಎದುರಾಳಿಯ ಬಾಯಿ ಮುಚ್ಚಿಸುತ್ತಿದ್ದ ವತ್ಸಲಾ ಇವಳೇನಾ ಅನ್ನಿಸೋದು. ಒಂದೇ ಒಂದು ಸಲ ಆ ಮೈಕು ನನ್ನ ಕೈಗೆ ಬರಬೇಕು ಅಂತ ಆಸೆ. ಸಣ್ಣ ಆಸೆ ಅಲ್ಲ, ಹೊಟ್ಟೆಯೊಳಗೆ ಉರಿಯೋ ಅಂಥ ಆಸೆ.

ನನ್ನನ್ನ ಉಪಾಧ್ಯಕ್ಷೆ ಮಾಡಿ ಕೂರಿಸಿದ್ದರು. ಲೆಕ್ಕಕ್ಕುಂಟು, ಆಟಕ್ಕಿಲ್ಲ. ಸೆಪ್ಟೆಂಬರಿನಲ್ಲಿ ನಮ್ಮ ಅಧ್ಯಕ್ಷ ಗಿರೀಶನಿಗೆ ಡಲ್ಲಾಸ್‌ನಲ್ಲಿ ಕೆಲಸ ಸಿಕ್ತು. ವೀಸಾ ಟ್ರಾನ್ಸ್‌ಫರ್ ಆಗಿದ್ದೇ ತಡ, ಟ್ರಕ್ ಬಾಡಿಗೆಗೆ ತಗೊಂಡು ಹೆಂಡತಿ ಮಕ್ಕಳ ಸಮೇತ ಹೊರಟೇ ಹೋದ. ರಾಜ್ಯೋತ್ಸವ ಎದುರಿಗೇ ಇತ್ತು. ಅಧ್ಯಕ್ಷರು ಹೋದರೆ ಉಪಾಧ್ಯಕ್ಷರು ತಾನೇ? ಅದಕ್ಕೇನು ಐಎಎಸ್ ಓದಬೇಕಾ? ನಾನು ಮನಸ್ಸಿನಲ್ಲೇ ಯಾವ ಸೀರೆ ಉಡೋದು ಅನ್ನೋವರೆಗೂ ಹೋಗಿಬಿಟ್ಟಿದ್ದೆ.

ಕಮಿಟಿ ಮೀಟಿಂಗ್ ನಡೆದಿದ್ದು ರೇವಣಪ್ಪ ಅಂಕಲ್ ಮನೆ ಬೇಸ್‌ಮೆಂಟಿನಲ್ಲಿ. ಅಂಕಲ್ ಗದಗದ ಕಡೆಯವರು, ರಿಟೈರ್ ಆದ ಡಾಕ್ಟರು, ಸಂಘದಲ್ಲಿ ಎಲ್ಲರಿಗಿಂತ ಹಿರಿಯರು. ನೇರ ಮನುಷ್ಯ. ಎಲ್ಲರೂ ಕೂತ ಮೇಲೆ ನನ್ನ ಕಡೆ ತಿರುಗಿ, “ವತ್ಸಲಾ ಅವರ, ಗಿರೀಶ ಅಂತೂ ಹೋದ. ನೀವ ಆಗ್ರಿ ಅಧ್ಯಕ್ಷರು” ಅಂದರು.

ನನ್ನ ಬಾಯಿಂದ ಏನು ಬರಬೇಕಿತ್ತು? “ಸರಿ ಅಂಕಲ್” ಅಂತ ಬರಬೇಕಿತ್ತು. ಬಂದಿದ್ದೇನು? “ಅಯ್ಯೋ, ನನಗ್ಯಾಕೆ ಅಂಕಲ್ ಅದೆಲ್ಲ? ಬೇರೆ ಯಾರಾದ್ರೂ ಆಗ್ಲಿ ಬಿಡಿ.”

ನಮ್ಮ ಮೈಸೂರಿನ ಮನೆಗಳಲ್ಲಿ ಬೆಳೆದವರಿಗೆ ಇದು ಅರ್ಥ ಆಗುತ್ತೆ. ಯಾರ ಮನೆಗಾದರೂ ಹೋದಾಗ ಕಾಫಿ ತಗೋತೀರಾ ಅಂದ್ರೆ, ಮೊದಲು “ಬೇಡ, ಈಗ ತಾನೇ ಆಯ್ತು” ಅನ್ನಬೇಕು. ಅವರು ಇನ್ನೊಂದು ಸಲ ಕೇಳ್ತಾರೆ, ಆಗ “ನಿಮಗ್ಯಾಕೆ ಸುಮ್ಮನೆ ತೊಂದರೆ” ಅನ್ನಬೇಕು. ಅವರು ಬಲವಂತ ಮಾಡ್ತಾರೆ, ಆಗ “ಸರಿ, ಅರ್ಧ ಲೋಟ ಕೊಡಿ” ಅಂತ ಪೂರ್ತಿ ಲೋಟ ಕುಡಿದು ಬರಬೇಕು. ಕೇಳಿದ ತಕ್ಷಣ ‘ಹೂಂ’ ಅಂದವಳಿಗೆ ಸಂಕೋಚವೇ ಇಲ್ಲ ಅಂತ ಹೆಸರು ಬೀಳುತ್ತೆ. ನಾನು ಅಂಕಲ್ ಇನ್ನೊಂದು ಸಲ ಕೇಳಲಿ ಅಂತ ತಲೆ ತಗ್ಗಿಸಿ ಕೂತೆ.

ಗದಗದಲ್ಲಿ ಆ ಪದ್ಧತಿ ಇಲ್ಲ. “ಹೌದೇನ್ರಿ? ಹಂಗಾರ ಬ್ಯಾಡ ಬಿಡ್ರಿ” ಅಂದುಬಿಟ್ಟರು ಅಂಕಲ್. “ಮತ್ಯಾರಿಗಿ ಮನಸೈತಿ, ಹೇಳ್ರಿ.”

ನಾನು ಗಂಡನ ಮುಖ ನೋಡಿದೆ. ಇವರಾದ್ರೂ ‘ಇಲ್ಲ ಇಲ್ಲ, ಅವಳೇ ಆಗ್ಲಿ’ ಅಂತಾರೇನೋ ಅಂತ. ದಿನೇಶ್ ಚಕ್ಕುಲಿ ಮುರೀತಾ, “ಅವಳಿಗೆಲ್ಲಿ ಪುರುಸೊತ್ತು ಬಿಡಿ” ಅಂದರು. ಅಷ್ಟರಲ್ಲಿ ವಿಜಯ್ ಕುಮಾರ್ ಕೈ ಎತ್ತಿದ. ಮಲ್ಲೇಶ್ವರದ ಹುಡುಗ, ಹುಡುಗ ಏನು, ನಲವತ್ತು ದಾಟಿದೆ, ಆದರೂ ನನ್ನನ್ನ ಆಂಟಿ ಅಂತಾನೆ. “ಬೈಲಾದಲ್ಲಿ ಉಪಾಧ್ಯಕ್ಷರೇ ಆಗಬೇಕು ಅಂತ ಕ್ಲಿಯರ್ ಆಗಿ ಏನೂ ಇಲ್ಲ. ಆಂಟಿಗೆ ಬೇಡ ಅಂದ್ರೆ ನಾನೇ ನೋಡ್ಕೋತೀನಿ” ಅಂದ. ಜನರಲ್ ಬಾಡಿಯಲ್ಲಿ ಎಲ್ಲರ ಒಪ್ಪಿಗೆ ತಗೊಂಡರೆ ಮುಗೀತು ಅಂತ ತೀರ್ಮಾನ ಆಯ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೇಲಿನ ಅಡುಗೆಮನೆಯಿಂದ ಎಲ್ಲರಿಗೂ ಕಾಫಿ ತಂದುಕೊಟ್ಟವಳೂ ನಾನೇ!

ಮನೆಗೆ ಬಂದು ಪಾತ್ರೆಗಳನ್ನ ದಡಬಡ ಅಂತ ಎತ್ತಿಡ್ತಾ ನನ್ನ ಮಗಳು ಇಳಾಗೆ ಹೇಳಿಕೊಂಡೆ. ಅವಳು ಹೈಸ್ಕೂಲು. ಫೋನಿನಿಂದ ಕಣ್ಣೆತ್ತಿ, “ಬಟ್ ಅಮ್ಮಾ, ಯು ಸೆಡ್ ನೋ” ಅಂದಳು. ಇವಳಿಗೇನು ಗೊತ್ತು, ಇಲ್ಲೇ ಹುಟ್ಟಿದ ಮುಂಡೇದು ಅಂತ ಸುಮ್ಮನಾದೆ.

ನಮ್ಮ ಬಡಾವಣೆಯಲ್ಲಿ ಮೂರು ಮನೆ ಆಚೆ ಗ್ಲಾಡಿಸ್ ಅಂತ ಇದಾಳೆ. ಈಕ್ವೆಡಾರ್ ದೇಶದವಳು, ಕ್ವೆಂಕಾ ಅನ್ನೋ ಊರು. ಸಂಜೆ ಇಬ್ಬರೂ ಕೆರೆ ಸುತ್ತ ವಾಕಿಂಗ್ ಹೋಗ್ತೀವಿ. ಕೆರೆ ಅಂದ್ರೆ ಬಿಲ್ಡರ್ ತೋಡಿಸಿದ ಹೊಂಡ, ಬಾತುಕೋಳಿ ಇದಾವೆ ಅಂತ ಕೆರೆ ಅಂತೀವಿ. ಅವಳು ತನ್ನ ದೇಶದ ಅಧ್ಯಕ್ಷರ ಕಥೆಗಳನ್ನ ಧಾರಾವಾಹಿ ಥರ ಹೇಳ್ತಾಳೆ. ಐದು ಸಲ ಅಧ್ಯಕ್ಷನಾಗಿ ನಾಲ್ಕು ಸಲ ಅವಧಿ ಮುಗಿಯೋದಕ್ಕೆ ಮುಂಚೆಯೇ ಕುರ್ಚಿಯಿಂದ ತಳ್ಳಿಸಿಕೊಂಡ ಒಬ್ಬ ಮಹಾಶಯನ ಕಥೆ ಹಿಂದಿನ ವಾರ ಆಗಿತ್ತು. ನಾನೂ ಬಿಡ್ತೀನಾ? ನಮ್ಮ ಕರ್ನಾಟಕದ ಮುಖ್ಯಮಂತ್ರಿಗಳ ಕಥೆ ಹೇಳಿ ಸಮ ಮಾಡ್ತಿದ್ದೆ. ಯಾರ ಕಡೆ ಕುರ್ಚಿ ಜಾಸ್ತಿ ಅಲ್ಲಾಡಿದೆ ಅಂತ ನಮ್ಮಿಬ್ಬರಿಗೂ ಪೈಪೋಟಿ.

ಅವತ್ತು ನಾನು ಮಾತೇ ಆಡಲಿಲ್ಲ. ಏನಾಯ್ತು ಅಂತ ಅವಳು ಪೀಡಿಸಿದಾಗ ಬರೀ ಇಷ್ಟು ಹೇಳಿದೆ: ಅಧ್ಯಕ್ಷ ಬಿಟ್ಟುಹೋದ, ನಾನು ಉಪಾಧ್ಯಕ್ಷೆ, ಆದರೆ ಕುರ್ಚಿ ಬೇರೆಯವನಿಗೆ ಹೋಯ್ತು.

ಗ್ಲಾಡಿಸ್ ಅಲ್ಲೇ ನಿಂತಳು. “ತೊಂಬತ್ತೇಳು!” ಅಂದಳು. ನನಗೆ ಏನೂ ಅರ್ಥ ಆಗಲಿಲ್ಲ.

1997ರ ಕಥೆ ಅದು. ಅವಳಾಗ ಕ್ವೆಂಕಾದಲ್ಲೇ ಇದ್ದಳು. ಅಧ್ಯಕ್ಷನಿಗೆ ತಲೆ ಸರಿ ಇಲ್ಲ ಅಂತ ಸಂಸತ್ತಿನವರು ಡಾಕ್ಟರನ್ನೂ ಕೇಳದೆ ಓಟು ಹಾಕಿ ಇಳಿಸಿದರಂತೆ. ಇಳಿದವನು ‘ನಾನೇ ಅಧ್ಯಕ್ಷ’ ಅಂದ. ಸಂಸತ್ತಿನ ಮುಖ್ಯಸ್ಥ ‘ನಾನು’ ಅಂದ. ಉಪಾಧ್ಯಕ್ಷೆ, ಹೆಂಗಸು, ಇವಳ ಊರಿನವಳೇ, ‘ನ್ಯಾಯವಾಗಿ ನಾನು’ ಅಂದಳು. ಒಂದೇ ದೇಶಕ್ಕೆ ಒಂದೇ ಹೊತ್ತಿಗೆ ಮೂವರು ಅಧ್ಯಕ್ಷರು! ಗ್ಲಾಡಿಸ್‌ಳ ಅಮ್ಮ ಒಲೆ ಆರಿಸಿ ಬಂದು ಟಿವಿ ಮುಂದೆ ಕೂತಿದ್ದಳಂತೆ, ನಮ್ಮೂರ ಹುಡುಗಿ ಗೆಲ್ಲಲಿ ಅಂತ. ಸಂವಿಧಾನದಲ್ಲಿ ಸ್ಪಷ್ಟ ಇಲ್ಲ ಅಂದರು. ಎರಡು ದಿನ ಅವಳನ್ನ ಕುರ್ಚಿ ಮೇಲೆ ಕೂರಿಸಿದರು, ಆಮೇಲೆ ಸಂಸತ್ತಿನ ಮುಖ್ಯಸ್ಥನೇ ಬಂದು ಕೂತ.

“ಆಮೇಲೆ ಇನ್ನೂ ಎರಡು ಸಲ ನಮ್ಮಲ್ಲಿ ಅಧ್ಯಕ್ಷರನ್ನ ಇಳಿಸಿದರು” ಅಂದಳು ಗ್ಲಾಡಿಸ್. “ಎರಡು ಸಲವೂ ಉಪಾಧ್ಯಕ್ಷರೇ ನೇರವಾಗಿ ಕುರ್ಚಿಗೆ ಹೋದರು. ಇಬ್ಬರೂ ಗಂಡಸರು.”

ನನಗೆ ಮೈ ಉರಿದುಹೋಯ್ತು. “ನಮ್ಮಲ್ಲೂ ಅದೇ! ಬೈಲಾದಲ್ಲಿ ಕ್ಲಿಯರ್ ಇಲ್ಲ ಅಂದ ಆ ವಿಜಯ್ ಕುಮಾರ್” ಅಂತ ಶುರು ಮಾಡಿದೆ.

“ನನಗೆ ಬೇಕು ಅಂತ ನೀನು ಹೇಳಿದಾಗ ಅವರೇನಂದ್ರು?” ಅಂತ ಕೇಳಿದಳು.

ಬೇಡ ಅಂದಿದ್ದನ್ನ ಹೇಳಲೇಬೇಕಾಯ್ತು. ಕಾಫಿ, ಅರ್ಧ ಲೋಟ, ಮೂರು ಸಲ ಕೇಳೋದು, ಎಲ್ಲಾ ವಿವರಿಸಿದೆ. ಅವಳು ಬಾಯಿ ಬಿಟ್ಟುಕೊಂಡು ಕೇಳಿದಳು.

“ನಮ್ಮವಳು ಬೇಕು ಅಂತ ಇಡೀ ದೇಶಕ್ಕೆ ಕೇಳೋ ಹಾಗೆ ಹೇಳಿದಳು, ವತ್ಸಲಾ. ಆದರೂ ಅವಳಿಗೆ ಸಿಕ್ಕಿದ್ದು ಎರಡೇ ದಿನ. ನೀನು ಬೇಡ ಅಂದು, ಕುರ್ಚಿ ತಾನಾಗೇ ನಡ್ಕೊಂಡು ಬರಲಿ ಅಂತ ಕಾಯ್ತಿದೀಯಾ?”

ಸಿಟ್ಟು ಬಂತು. ಇವಳ ಮೇಲೆ ಅಲ್ಲ, ನನ್ನ ಮೇಲೆ. ಸಿಟ್ಟಿನ ಹಿಂದೆಯೇ ಅಳುವೂ ಬಂತು. ಬಾತುಕೋಳಿ ನೋಡೋ ಹಾಗೆ ಆ ಕಡೆ ತಿರುಗಿದೆ.

ಜನರಲ್ ಬಾಡಿ ಮೀಟಿಂಗು ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ, ಗ್ಲೆಂಡೇಲ್ ಹೈಟ್ಸ್‌ನಲ್ಲಿ ಬಾಡಿಗೆ ಹಾಲಿನಲ್ಲಿ. ಹೊರಗೆ ಚಳಿ, ಒಳಗೆ ನನಗೆ ಬೆವರು. ದಿನೇಶ್‌ಗೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ‘ಸುಮ್ಮನಿರೇ, ಯಾಕೆ ರಂಪ’ ಅಂತಿದ್ದರು, ನಾನೂ ಸುಮ್ಮನಾಗಿಬಿಡ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತಿಲ್ವಾ?

ರೇವಣಪ್ಪ ಅಂಕಲ್ ಎದ್ದುನಿಂತರು. “ವಿಜಯ್ ಕುಮಾರ್ ಅವರ ಹೆಸರಿಗೆ ಯಾರದರ ತಕರಾರು ಐತೇನ್ರಿ?”

ನಾನು ಎದ್ದೆ. “ಅಂಕಲ್, ನನಗೆ ಬೇಕು.”

“ಏನ್ ಬೇಕ್ರಿ? ನೀರೇನು?”

ಯಾರೋ ಕಿಸಕ್ಕನೆ ನಕ್ಕರು. “ನೀರಲ್ಲ ಅಂಕಲ್. ಅಧ್ಯಕ್ಷಗಿರಿ ಬೇಕು.”

ಪಕ್ಕದಲ್ಲಿ ದಿನೇಶ್ ಸೆರಗು ಎಳೆದು, ಎಲ್ಲರಿಗೂ ಕೇಳೋ ಹಾಗೆ, “ಏ, ತಮಾಷೆ ಮಾಡ್ತಿದಾಳೆ ಅಂಕಲ್, ನೀವು ಮುಂದುವರಿಸಿ” ಅಂದರು.

“ತಮಾಷೆ ಅಲ್ಲ ರೀ” ಅಂದೆ. ಧ್ವನಿ ನಡುಗಿತು, ನಡುಗಲಿ ಅಂತ ಬಿಟ್ಟೆ. “ನನಗೆ ಬೇಕು. ತುಂಬಾ ವರ್ಷದಿಂದ ಬೇಕು.”

ವಿಜಯ್ ಕುಮಾರ್ ಮೆಲ್ಲಗೆ, “ಅಲ್ಲ ಆಂಟಿ, ಅವತ್ತು ಅಂಕಲ್ ಕೇಳಿದಾಗ ನೀವೇ ಬೇಡ ಅಂದ್ರಲ್ಲ?” ಅಂದ.

“ಅಂದೆ. ಆಸೆ ಇಟ್ಕೊಂಡೇ ಬೇಡ ಅಂದೆ. ಅಂಕಲ್‌ಗೆ ಅದು ತಿಳೀಲಿಲ್ಲ, ಸರಿ. ನೀನು ಮಲ್ಲೇಶ್ವರದವನು, ನಿಮ್ಮಮ್ಮನೂ ಹೀಗೇ ಅಂತಾರೆ. ನಿನಗೆ ತಿಳೀಲಿಲ್ವಾ ವಿಜಯ್?”

ಅವನ ಮುಖ ಕೆಂಪಾಯ್ತು. ಪಾಪ, ಕೆಟ್ಟವನಲ್ಲ. “ತಿಳೀತು ಆಂಟಿ” ಅಂದ, ನೆಲ ನೋಡ್ತಾ. ಹೆಂಗಸರ ಸಾಲಿನಲ್ಲಿ ಗುಜುಗುಜು ಎದ್ದಿತು.

ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. “ನಮ್ಮ ಕಡೆ ಬ್ಯಾಡ ಅಂದ್ರ ಬ್ಯಾಡ, ಬೇಕಂದ್ರ ಬೇಕು. ಈಗ ಬೇಕಂದ್ರಿ, ಚೊಲೋ ಆತು. ಕೈ ಎತ್ತಿಸೂಣು.” ವಿಜಯ್ ಕುಮಾರ್‌ಗೂ ಕೈಗಳು ಎದ್ದವು, ಕಡಿಮೆ ಏನಲ್ಲ. ನನಗೆ ಅದಕ್ಕಿಂತ ಜಾಸ್ತಿ ಎದ್ದವು. ಬರೀ ಡಿಸೆಂಬರ್ ಕೊನೆವರೆಗಿನ ಅಧ್ಯಕ್ಷಗಿರಿ. ಇರಲಿ, ಎರಡು ದಿನಕ್ಕಿಂತ ವಾಸಿ. ಎಲ್ಲರೂ ಬಂದು ಕೈ ಕುಲುಕುವಾಗ ನಾನು ನಾಚಿಕೆ ಬಿಟ್ಟು ಅತ್ತೆ. ದಿನೇಶ್ ಕೈ ಎತ್ತಿದ್ದರೋ ಇಲ್ವೋ ನಾನು ನೋಡಲಿಲ್ಲ. ಧೈರ್ಯ ಆಗಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ನಾವಿಬ್ಬರೇ. ದಿನೇಶ್ ಸುಮ್ಮನೆ ಡ್ರೈವ್ ಮಾಡ್ತಿದ್ದರು. ಸಿಟ್ಟು ಅಂದುಕೊಂಡೆ. ಬೈಯಲಿ, ನಾನೂ ಬೈತೀನಿ ಅಂತ ಮಾತು ಹೊಂದಿಸಿಕೊಂಡು ಕೂತಿದ್ದೆ. ಐವತ್ತೈದನೇ ಹೈವೇಗೆ ಸೇರಿದ ಮೇಲೆ ಬಾಯಿಬಿಟ್ಟರು.

“ನಿಜವಾಗ್ಲೂ ಅಷ್ಟು ಬೇಕಿತ್ತಾ ನಿನಗೆ?”

“ಹೂಂ.”

“ನನಗೆ ಗೊತ್ತೇ ಆಗಲಿಲ್ವಲ್ಲೇ.”

ಈ ಮಾತಿಗೆ ನಾನು ಹೊಂದಿಸಿಕೊಂಡಿದ್ದ ಯಾವ ಬೈಗುಳವೂ ಸರಿಹೋಗಲಿಲ್ಲ. ಕಿಟಕಿ ಆಚೆ ಗೋದಾಮುಗಳು, ಕೊಯ್ದ ಜೋಳದ ಹೊಲಗಳು ಹಿಂದೆ ಹೋಗ್ತಿದ್ದವು.

“ಇಲ್ಲಿಗೆ ಬರೋಕೆ ಮುಂಚೆ ಟ್ರಾಯ್ ಊರಿನಲ್ಲಿದ್ದಾಗ, ಮತ್ತೆ ಓದ್ತೀಯಾ, ಕಾಲೇಜಿಗೆ ಅಪ್ಲೈ ಮಾಡ್ತೀಯಾ ಅಂತ ಕೇಳಿದ್ದೆ. ನೀನು ‘ಬೇಡ ರೀ, ಇಳಾ ಇನ್ನೂ ಚಿಕ್ಕವಳು’ ಅಂದೆ.” ಅವರ ಕಣ್ಣು ರಸ್ತೆ ಮೇಲೇ ಇತ್ತು. “ನಾನು ಒಂದೇ ಸಲ ಕೇಳಿ ಬಿಟ್ಟೆ. ಅದೂ ಹೀಗೇನಾ?”

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬಂದೂ ಬಂತು, ‘ಅಯ್ಯೋ ಬಿಡಿ ರೀ, ಅದೆಲ್ಲ ಈಗ್ಯಾಕೆ’ ಅಂತ.

“ಹೌದು ರೀ” ಅಂದೆ. “ಅದೂ.”

ಅವರಿಗೆ ಕಣ್ಣು ತುಂಬಿತ್ತೋ ಏನೋ, ಎರಡು ಸಲ ರೆಪ್ಪೆ ಬಡಿದರು. ಆಮೇಲೆ ಕೇಳಿದರು, “ಹೀಗೆ ಬೇಡ ಅಂದಿದ್ದು ಇನ್ನೂ ಇದಾವಾ?”

ರೂಟ್ ಥರ್ಟಿ ಎಕ್ಸಿಟ್ ಬಂತು, ನಮ್ಮ ಮನೆ ಕಡೆಯದು. ದಿನೇಶ್ ತಿರುಗಿಸಲಿಲ್ಲ, ನೇರ ಹೋದರು. ನಾನೂ ತಿರುಗಿಸಿ ಅನ್ನಲಿಲ್ಲ. ಒಂದೊಂದಾಗಿ ಹೇಳೋಕೆ ಶುರು ಮಾಡಿದೆ.