ಶೌಕತ್ ಅಲಿಯ ಹಳೇ ಮೆಸೆಂಜರ್

ಅಫ್ಜಲ್ ಫೋನಿನ ವೈರು ಕಿತ್ತು ಮೋಡೆಮ್ಮಿಗೆ ಸಿಕ್ಕಿಸಿದ. ಸೌದಿಯ ದಮ್ಮಾಮಿನಲ್ಲಿರುವ ಅಕ್ಕನ ಮಗಳು ಶಬೀನಾ ಈಗಷ್ಟೇ ಫೋನು ಕುಕ್ಕಿದ್ದಳು.

"ಏನಂದ್ಳು?" ಅಕ್ಕ ಫಾಮಿದಾ ನಡುಬಾಗಿಲಲ್ಲಿ ನಿಂತು ಕೇಳಿದಳು.

"ನಂಬ್ತಿಲ್ಲ ಆಪಾ. ಸುಳ್ಳು ಹೇಳ್ಬೇಡಿ ಮಾಮೂ, ಅಬ್ಬಾ ಆನ್‌ಲೈನ್ ಇದಾರೆ, ಹೆಸರಿನ ಪಕ್ಕ ಹಸಿರು ದೀಪ ಉರೀತೈತೆ ಅಂದ್ಳು."

ಫಾಮಿದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ಗಂಡ ಶೌಕತ್ ಅಲಿ ಬೆಳಿಗ್ಗೆ ಎಂಟಕ್ಕೆ ಇದೇ ಕಂಪ್ಯೂಟರಿನ ಮುಂದೆ ಕೂತವನು, ಅವಳು ಟೀ ತರುವಷ್ಟರಲ್ಲಿ ಕುರ್ಚಿಯಲ್ಲೇ ಹೋಗಿಬಿಟ್ಟಿದ್ದ. ಡಾಕ್ಟರು ನಾಡಿ ಹಿಡಿದು ತಲೆ ಅಲ್ಲಾಡಿಸಿದ ಮೇಲೂ ಕಂಪ್ಯೂಟರ್ ಆರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಲೈನು ಕಡಿದರೂ ದೀಪ ಆರಿಸದಿರುವುದು ಮಗಳನ್ನು ನೋಡಲು ಅವನು ತೆರೆಯುತ್ತಿದ್ದ ಮೆಸೆಂಜರಿನ ಹಳೇ ಚಾಳಿ.

ಈಗ ಗಂಟೆ ಹನ್ನೆರಡು. ಒಂದೂವರೆಯ ನಮಾಜಿಗೆ ಜನಾಜ ಎತ್ತಬೇಕು. ಅಷ್ಟರಲ್ಲಿ ಒಬ್ಬಳೇ ಮಗಳು ಅಪ್ಪನ ಮುಖ ನೋಡಬೇಕು, ನೋಡಿ ನಂಬಬೇಕು. ಇಲ್ಲದಿದ್ದರೆ ಆ ಹುಡುಗಿ ಇನ್ನೆಷ್ಟು ದಿನ ಆ ದೀಪದ ಮುಂದೆ ಕಾಯುತ್ತ ಕೂರುತ್ತಾಳೋ.

*

ತಿಪಟೂರಿನ ಕೊಬ್ಬರಿ ಮಂಡಿಗಳ ಟೈಪ್‌ರೈಟರುಗಳನ್ನು ಇಪ್ಪತ್ತೆರಡು ವರ್ಷ ರಿಪೇರಿ ಮಾಡಿದವನು ಶೌಕತ್ ಅಲಿ. ಅವು ಮೂಲೆ ಸೇರಿದ ಮೇಲೆ ಮನೆಯ ಮುಂದಿನ ಕೋಣೆಯಲ್ಲೇ ಎರಡು ಕಂಪ್ಯೂಟರ್ ಇಟ್ಟು, ಇಂಟರ್‌ನೆಟ್ ಸೆಂಟರ್ ಎಂದು ಬೋರ್ಡು ಬರೆಸಿದ. ಗಂಡಂದಿರನ್ನು ಸೌದಿಗೆ, ದುಬೈಗೆ ಕಳಿಸಿದ ಹೆಂಗಸರು ಬಂದು ಮುಖ ನೋಡಿಕೊಂಡು ಹೋಗುತ್ತಿದ್ದರು. ಅಷ್ಟು ಮಾಡಿಸುವುದರಲ್ಲಿ ಶೌಕತ್‌ಗೆ ಬೆವರಿಳಿಯುತ್ತಿತ್ತು. ಹಳೇ ಮೆಸೆಂಜರಿನಲ್ಲಿ ಮುಖ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಹೊಸದರಲ್ಲಿ ಮಾತು ಕೇಳುತ್ತಿತ್ತು, ಕ್ಯಾಮೆರಾದ ಗುಂಡಿಯೇ ಮಾಯ. ಒಂದರಲ್ಲಿ ಕಳಿಸಿದ ಫೋಟೋ ಇನ್ನೊಂದರಲ್ಲಿ ತೆರೆಯದು. ಹಾಗಾಗಿ ಒಂದೊಂದು ಕಂಪ್ಯೂಟರಿಗೆ ಒಂದೊಂದು ಹಾಕಿಟ್ಟಿದ್ದ. ಹೆಂಗಸರು ಈ ಕುರ್ಚಿಯಲ್ಲಿ ಗಂಡನನ್ನು ನೋಡಿ, ಎದ್ದು ಆ ಕುರ್ಚಿಗೆ ಹೋಗಿ ಮಾತಾಡಬೇಕಿತ್ತು.

"ಮುಖ ಒಂದ್ಕಡೆ ಬಾಯಿ ಒಂದ್ಕಡೆ ಇಟ್ಟವ್ರೆ ಕಣ್ರೀ ಕಂಪ್ನಿಯೋರು," ಎಂದು ಪಕ್ಕದ ಮಂಡಿಯ ಪರಮಶಿವಯ್ಯನ ಹತ್ತಿರ ಹಲ್ಲು ಕಡಿಯುತ್ತಿದ್ದ. "ಮೂರು ವರ್ಷದಿಂದ ಒಂದು ತೊಟ್ಟು ಎಣ್ಣೆ ಬಿಟ್ಟಿಲ್ಲ ಇದಕ್ಕೆ. ಮಿಷನ್ ಮಾಡಿದ್ಮೇಲೆ ನೋಡ್ಕೊಬೇಕೋ ಬ್ಯಾಡ್ವೋ?"

"ಬುಡಿ ಸಾಬ್ರೆ. ಬಿಟ್ಟಿ ಕೊಟ್ಟವ್ರೆ ಅಂತೀರ, ಯಾಕೆ ನೋಡ್ಕತಾರೆ?"

"ಬಿಟ್ಟಿ ಕೊಟ್ಟು ಜನಕ್ಕೆ ರೂಢಿ ಹತ್ತಿಸ್ಬುಟ್ಟು ಆಮೇಲೆ ಕೈ ಬಿಡದಾ?"

ಬಿಡುವ ಆಸಾಮಿಯಲ್ಲ ಅವನು. ಕಂಪನಿಗೆ ಕಾಗದ ಬರೆದ, ಅದೂ ಟೈಪ್‌ರೈಟರಿನಲ್ಲಿ ಕುಟ್ಟಿ, ಕಾರ್ಬನ್ ಪ್ರತಿ ಇಟ್ಟುಕೊಂಡು. ಒಂದಲ್ಲ, ನಾಲ್ಕು. ಯಾವುದಕ್ಕೂ ಉತ್ತರ ಬರಲಿಲ್ಲ. ಅಂಥ ಸಿಡುಕನ ಬಾಯಿ ಮುಚ್ಚುತ್ತಿದ್ದುದು ಶುಕ್ರವಾರ ಮಾತ್ರ. ಅವತ್ತು ಮಗಳು ಹಳೇ ಮೆಸೆಂಜರಿಗೆ ಬರುತ್ತಿದ್ದಳು. ಮದುವೆಯಾಗಿ ಹೋದ ನಾಲ್ಕು ವರ್ಷದಲ್ಲಿ ಶಬೀನಾ ಅಪ್ಪನನ್ನು ಕಂಡದ್ದೆಲ್ಲ ಆ ಅಂಗೈಯಗಲದ ಚೌಕದಲ್ಲೇ. ಇಬ್ಬರೂ ಮನೆಮಾತನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟುತ್ತ, ಮಧ್ಯೆ ಮಧ್ಯೆ ಕೈ ನಿಲ್ಲಿಸಿ ಸುಮ್ಮನೆ ಒಬ್ಬರನ್ನೊಬ್ಬರು ನೋಡುತ್ತಿದ್ದರು.

*

"ಕ್ಯಾಮ್ರಾ ವೈರು ಗಿಡ್ಡ ಐತಲ್ಲಪ್ಪ," ಎಂದ ಪರಮಶಿವಯ್ಯ. ಬೆಳಿಗ್ಗೆ ಅವನು ಮಂಡಿ ಬಾಗಿಲು ಅರ್ಧ ತೆಗೆದವನು ಹಾಗೇ ಬಿಟ್ಟು ಬಂದಿದ್ದ. "ಎರಡು ಬೆಂಚು ತರಿಸ್ತೀನಿ. ಸಾಬ್ರನ್ನೇ ಇಲ್ಲಿಗೆ ತರಾನ."

ಮೈ ತೊಳೆಸಿ ಕಫನ್ ಉಡಿಸಿ ಆಗಿತ್ತು. ಹಿರಿಯರೊಬ್ಬರು, "ಮೈಯತ್ ಮುಂದೆ ಕ್ಯಾಮೆರಾನಾ?" ಎಂದು ಮುಖ ಗಂಟಿಕ್ಕಿದರು.

"ಮಗಳನ್ನ ಅವರು ನೋಡ್ತಿದ್ದಿದ್ದೇ ಇದರಲ್ಲಿ," ಎಂದಳು ಫಾಮಿದಾ. "ತನ್ನಿ ಒಳಕ್ಕೆ." ನಾಲ್ವರು ಮೈಯತ್ ಎತ್ತಿ ತಂದು ಕಂಪ್ಯೂಟರಿನ ಪಕ್ಕದ ಬೆಂಚಿನ ಮೇಲೆ ಮಲಗಿಸಿದರು.

ಮೋಡೆಮ್ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಲೈನು ಸಿಕ್ಕಾಗ ಒಂದು ಗಂಟೆಯಾಗಿತ್ತು. ಅಫ್ಜಲ್ ಭಾವನ ಮುಖದ ಬಟ್ಟೆ ಸರಿಸಿ ಕ್ಯಾಮೆರಾ ಅತ್ತ ತಿರುಗಿಸಿಟ್ಟ. ಇಲ್ಲಿಂದ ಹೋಗುವ ಚಿತ್ರ ತೋರಿಸುವ ಪರದೆಯ ಮೂಲೆಯ ಚೌಕದಲ್ಲಿ ಮುಚ್ಚಿದ ಕಣ್ಣು, ಮೂಗಿನ ಹತ್ತಿ ಕಂಡವು. ಒಂದೇ ಬೆರಳಿನಲ್ಲಿ ಕುಟ್ಟಿದ: ಶಬೀನಾ, ನೋಡು.

ಕಾದರು. ಮಸೀದಿಯಿಂದ ಅಜಾನ್ ಕೇಳಿತು. ಹೊರಗೆ ಗಂಡಸರು ಚಪ್ಪಲಿ ಹುಡುಕತೊಡಗಿದರು.

ಪರದೆಯಲ್ಲಿ ಅಕ್ಷರ ಮೂಡಿತು. "ಕಾಣ್ತಿದಾರೆ" ಎಂದು ಅಫ್ಜಲ್ ಓದಿದ. ಫಾಮಿದಾ ತಡೆದಿಟ್ಟುಕೊಂಡಿದ್ದ ಅಳುವೆಲ್ಲ ಒಮ್ಮೆಲೇ ಒಡೆಯಿತು. ಪರಮಶಿವಯ್ಯ ಟವೆಲ್ಲಿನಿಂದ ಕಣ್ಣೊರೆಸಿಕೊಂಡ.

ಮತ್ತೊಂದು ಸಾಲು ಬಂತು. ಅಫ್ಜಲ್ ಓದಲಿಲ್ಲ.

"ಓದೋ," ಎಂದಳು ಫಾಮಿದಾ.

"ನಾನು ಹೇಳಿದ್ನಲ್ಲ ಮಾಮೂ. ನೀಲಿ ಸ್ವೆಟರ್ ಹಾಕ್ಕೊಂಡು ನಗ್ತಾ ಕೂತಿದಾರೆ."

ಕೋಣೆಯಲ್ಲಿದ್ದವರೆಲ್ಲ ಬೆಂಚಿನ ಮೇಲಿನ ಬಿಳೀ ಬಟ್ಟೆ ನೋಡಿದರು. "ಏನ್ಲಾ ಇದು?" ಎಂದ ಪರಮಶಿವಯ್ಯ, ಪಿಸುದನಿಯಲ್ಲಿ.

"ಹೋದ ಶುಕ್ರವಾರದ ಚಿತ್ರ. ಅವಳ ಪರದೆ ಮೇಲೆ ಅಲ್ಲೇ ಅಂಟ್ಕೊಂಡೈತೆ, ಹೊಸದು ಹೋಗ್ತಿಲ್ಲ." ಅಫ್ಜಲನಿಗೆ ಆ ಕಂಪ್ಯೂಟರನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು. ತಡವರಿಸುತ್ತ ಕುಟ್ಟಿದ: ಅದು ಹಳೇದು ಮಗಳೇ. ಆ ಕಿಟಕಿ ಮುಚ್ಚಿ ಮತ್ತೆ ತೆಗಿ. ಬೇಗ.

ಈ ಸಲ ಉತ್ತರ ತಡವಾಯಿತು. ಹೊರಗಿನಿಂದ ಯಾರೋ ಹೊತ್ತಾಯಿತೆಂದು ಕೂಗಿದರು.

"ಮುಚ್ಚಲ್ಲ," ಎಂದು ಬಂದದ್ದನ್ನು ಅಫ್ಜಲ್ ಓದಿದ. "ಮುಚ್ಚಿದ್ರೆ ಹೋಗ್ಬಿಡ್ತಾರೆ."

ಫಾಮಿದಾ ಬಹಳ ಹೊತ್ತು ಪರದೆಯನ್ನೇ ನೋಡಿದಳು. ಅವಳಿಗೆ ಆ ಅಕ್ಷರ ಓದಲು ಬರುತ್ತಿರಲಿಲ್ಲ. ಆಮೇಲೆ ಬೆಂಚಿನ ಹತ್ತಿರ ಬಂದು, ಗಂಡನ ಹಣೆ ಮುಟ್ಟಿ, ತಾನೇ ಮುಖಕ್ಕೆ ಬಟ್ಟೆ ಎಳೆದಳು. ಪರಮಶಿವಯ್ಯನೂ ಹೆಗಲು ಕೊಟ್ಟ. ಜನಾಜ ಹೊಸಿಲು ದಾಟಿತು.

ಚಪ್ಪಲಿ ಮೆಟ್ಟುತ್ತಿದ್ದ ಅಫ್ಜಲ್ ಟಣ್ ಎಂಬ ಸದ್ದಿಗೆ ಹಿಂತಿರುಗಿ ನೋಡಿದ. ಮೂಲೆಯ ಚೌಕದಲ್ಲಿ ಈಗ ಖಾಲಿ ಬೆಂಚು ಮಾತ್ರ ಇತ್ತು. ಅದರ ಕೆಳಗೆ ಶಬೀನಾ ಬರೆದಿದ್ದಳು: "ಇನ್ನೂ ಕಾಣ್ತಿದಾರೆ ಮಾಮೂ."