ಮೂವತ್ತೆರಡು ಸಾವಿರದ ಆಚೆ

ಮೇಲ್ವಿಚಾರಕ ಶೂ ಬಿಚ್ಚದೆ ಬಾಗಿಲಲ್ಲೇ ನಿಂತ. ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹಿಂದಿನ ಸಂಜೆಯೇ ಹೊರಟಿದ್ದರು. ಬೆಳಿಗ್ಗೆ ಅಭ್ಯಾಸಬಲದಿಂದ ಅವಳು ಮೂರು ಲೋಟ ಚಹಾ ಮಾಡಿದ್ದಳು. ಮೂರನೆಯದನ್ನು ಅವನ ಕೈಗಿಟ್ಟಳು.

"ನಿಮ್ಮ ಯಜಮಾನ್ರ ಕೊನೇ ಪಾಳಿಯ ದಾಖಲೆ," ಎಂದು ಅವನು ಹಾಳೆಗಳನ್ನು ಚಾಚಿದ. "ಮೂರೂವರೆಯಿಂದ ಆಂಬುಲೆನ್ಸ್ ಕರೆಗಳ ಲೈನು ಸತ್ತಿತ್ತು ಅಂತ ಇದೆ. ನಂಗೆ ಆಗಲೇ ಫೋನ್ ಮಾಡಿದ್ದೆ ಅಂತಾನೂ ಬರೆದಿದ್ದಾರೆ. ಆದ್ರೆ ನೋಡಿ, ಮೂರು ಗಂಟೆ ದಾಟಿದ್ಮೇಲೆ ಎಣಿಕೆಯೆಲ್ಲ ಮೈನಸ್. ಎಲ್ಲಾದ್ರೂ ಉಂಟಾ? ಕೈಯಾರೆ ಟೈಪ್ ಮಾಡಿದ್ದು. ಜೊತೇಲಿ ಕೆಲ್ಸ ಮಾಡೋ ಅವರ ಗೆಳೆಯನೇ ಇದು ಸುಳ್ಳು ದಾಖಲೆ ಅಂತ ಸಹಿ ಹಾಕಿದಾನೆ. ನಾಳೆ ವರದಿ ಹೋಗತ್ತೆ."

ಇದನ್ನು ಹೇಳಲು ಮನೆವರೆಗೆ ಏಕೆ ಬಂದ? ದಾಖಲೆ ನಿಜವಾದರೆ, ಫೋನ್ ಬಂದರೂ ಸುಮ್ಮನಿದ್ದವನು ಇವನೇ. ಅವಳಿಗೆ ಅನುಮಾನ ಬಂತು. ಗಂಡನ ಮೇಲೂ ಬಂತು. ಕುರ್ಚಿಯಲ್ಲಿ ಕೂತೇ "ದಾರೀಲಿದೀನಿ ಕಣೇ" ಎನ್ನುತ್ತಿದ್ದವನು ಅವನು.

"ನನ್ನ ಮಗ ಸೋಮಾರಿ," ಅತ್ತೆ ಒಳಗಿನಿಂದಲೇ ಹೇಳಿದರು. "ಇಷ್ಟುದ್ದ ಸುಳ್ಳು ಬರೆಯೋ ತಾಳ್ಮೆ ಅವನಿಗೆಲ್ಲಿಂದ ಬರಬೇಕು?"

ಮೇಲ್ವಿಚಾರಕ ಹೋದ ಮೇಲೆ ಅವಳು ಅವನು ಬಿಟ್ಟುಹೋದ ಹಾಳೆ ತಿರುವಿದಳು. ಲೈನಿನಾಚೆಯ ಯಂತ್ರವನ್ನು ಸೆಕೆಂಡಿಗೊಮ್ಮೆ "ಇದ್ದೀಯಾ?" ಎಂದು ಕೇಳಿ, ಉತ್ತರ ಬಂದರೂ ಬಾರದಿದ್ದರೂ ಪ್ರತಿ ಪ್ರಶ್ನೆಗೆ ಕ್ರಮಸಂಖ್ಯೆ ಹಾಕುವ ಹಳೆಯ ತಂತ್ರಾಂಶ. ಬೆಳಿಗ್ಗೆ ಆರಕ್ಕೆ ಶುರು. ಮಧ್ಯಾಹ್ನ ಮೂರೂ ಆರಕ್ಕೆ 32767. ಮರುಸಾಲಿನಲ್ಲಿ -32768.

ಓದಿದ ಗಣಿತ ಎಲ್ಲೋ ಮಿಸುಕಿತು. ಒಂದನ್ನು ಎರಡರಿಂದ ಹದಿನೈದು ಸಲ ಗುಣಿಸುತ್ತ ಹೋದರೆ ಸಿಗುವ ನೆರೆಹೊರೆ ಅದು. ಸುಳ್ಳು ಬರೆಯುವವನು ಸರಿಯಾಗಿ ಅಲ್ಲೇ ಏಕೆ ತಿರುಗುತ್ತಾನೆ? ತಂತ್ರಾಂಶ ಬರೆದವರು ಎಣಿಕೆಗೆ ಚಿಕ್ಕ ಮನೆ ಕೊಟ್ಟು, ಅದರಲ್ಲಿ ಅರ್ಧವನ್ನು ಮೈನಸ್ಸಿಗೆ ಬಿಟ್ಟಿದ್ದರೆ? ಜಾಗ ತುಂಬಿದ ಮರುಕ್ಷಣ ಎಣಿಕೆ ಆ ತುದಿಗೆ ಹಾರಲೇಬೇಕು.

ಅದೇ ತಂತ್ರಾಂಶವಿದ್ದ ಲ್ಯಾಪ್‌ಟಾಪು ಮನೆಯಲ್ಲಿತ್ತು. ಸಹಿ ಹಾಕಿದ ಗೆಳೆಯನಿಂದಲೇ ಗಂಡ ಎರವಲು ತಂದದ್ದು. ಯಂತ್ರ ತನ್ನನ್ನೇ ಕೇಳಿಕೊಳ್ಳುವಂತೆ ಮಾಡಿ ಎಂಟೂವರೆಗೆ ಶುರು ಮಾಡಿದಳು.

"ಹಾಲು ಉಕ್ಕತ್ತೇನೋ ಅನ್ನೋ ಹಾಗೆ ಕೂತಿದೀಯಲ್ಲ," ಎಂದರು ಅತ್ತೆ. ಊಟದ ತಟ್ಟೆ ಪಕ್ಕದಲ್ಲಿಟ್ಟರು. "ತಿರುಗದೇ ಹೋದ್ರೆ?"

"ತಿರುಗದಿದ್ರೆ ಅವರು ಸುಳ್ಳು ಬರೆದ ಹಾಗೆ, ಅತ್ತೆ."

ಮತ್ತೆ ಅತ್ತೆ ಆ ಕೋಣೆಗೆ ಬರಲಿಲ್ಲ. ಐದೂವರೆ ದಾಟಿತು. 32765. 32766. ಅವಳು ಕಣ್ಣು ಮುಚ್ಚಿಕೊಂಡಳು. ಮನಸ್ಸಿನಲ್ಲಿ ಐದು ಎಣಿಸಿ ತೆರೆದಳು.

-32765.

ಪರದೆ ಮುಚ್ಚದೆ, ತಟ್ಟೆ ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದು ಎರಡು ಬೀದಿ ನಡೆದಳು. ಗೆಳೆಯ ಬಾಗಿಲು ತೆರೆದು ಮುಖ ತಗ್ಗಿಸಿದ.

"ಅಯ್ಯೋ, ಇದಕ್ಕೇನು ಅವಸರವಿತ್ತು ಅತ್ತಿಗೆ? ನಾನೇ ಬರ್ತಿದ್ದೆ."

"ನಿಮ್ಮದು. ಬೆಳಿಗ್ಗೆಯಿಂದ ನಿಲ್ಲಿಸಿಲ್ಲ," ಎಂದು ಅವಳು ಅವನ ಊಟದ ಮೇಜಿನ ಮೇಲಿಟ್ಟಳು.

ಮುಚ್ಚಲೆಂದು ಅವನು ಕೈ ಚಾಚಿದ. ಪರದೆ ಕಂಡಿತು. ಒಳಗಿನಿಂದ ಹೆಂಡತಿ, "ಯಾರ್ರೀ ಬಂದಿದ್ದು?" ಎಂದಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು, ನಿಂತೇ ಓದತೊಡಗಿದ. ಸೆಕೆಂಡಿಗೊಂದು ಮೈನಸ್ ಸಾಲು ಮೇಲೇರುತ್ತಿತ್ತು.