ಕೇರಿಗೆ ಹೋಗುವ ವೈರು

"ಇಳಿಯಲಾ ಕೆಳಕ್ಕೆ! ಕೇರಿ ವೈರು ನಮ್ಮನೆ ಮ್ಯಾಲೆ ಓಗ್ಬಾರ್ದು ಅಂದ್ರೆ ಓಗ್ಬಾರ್ದು!"

ತಾರಸಿಯ ಮೇಲೆ ಮೀನಾಕ್ಷಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಕೇಬಲ್ಲಿನ ಸಂತೋಷ್ ಏಣಿಯ ನಡುವೆಯೇ ನಿಂತ. ಅವನ ಹೆಗಲ ಮೇಲಿದ್ದ ಫೈಬರ್ ಸುರುಳಿ ಕೇರಿಯ ಶೋಭಿತಾಳ ಮನೆಗೆ ಹೋಗಬೇಕಾದದ್ದು. ಚಿಕ್ಕರಸಿನಕೆರೆಯಿಂದ ಬಂದ ಲೈನು ಈ ಮನೆಯ ಮುಂದಿನ ಕಂಬಕ್ಕೇ ಮುಗಿದಿತ್ತು. ಕೇರಿ ಅಲ್ಲಿಂದ ಕೂಗಳತೆ ದೂರ. ನಡುವೆ ಇನ್ನೊಂದು ಕಂಬವಿರಲಿಲ್ಲ.

ಕೇರಿಯಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಪಿಂಚಣಿ, ಆಧಾರ್ ಎಂದು ಮುದುಕಿಯರು ಬಸ್ಸು ಹತ್ತಿ ಮದ್ದೂರಿಗೆ ಅಲೆಯುವುದನ್ನು ನೋಡಿ ನೋಡಿ, ಶೋಭಿತಾ ಮುಂಕೋಣೆಯಲ್ಲೇ ಸೇವಾ ಕೇಂದ್ರ ತೆರೆಯಲು ಹೊರಟಿದ್ದಳು. ಕಂಪ್ಯೂಟರ್ ಬಂದು ಕೂತಿತ್ತು. ಈ ವಾರ ನೆಟ್ ಬಾರದಿದ್ದರೆ ಕೇಂದ್ರ ಬೇರೆಯವರ ಪಾಲು.

"ವೈರು ತಾನೇ ಬ್ಯಾಡ?" ಎಂದ ಸಂತೋಷ್. "ನಿಮ್ ತಾರಸಿ ಮ್ಯಾಲೊಂದು ಆಂಟೆನಾ, ಅವರ ಮನೆ ಮ್ಯಾಲೊಂದು. ಗಾಳೀಲೇ ಓಯ್ತದೆ ಕಣಮ್ಮ."

ಮೀನಾಕ್ಷಮ್ಮನ ಮುಖ ಸಡಿಲವಾಯಿತು. "ಗಾಳೀಲಾದ್ರೆ ನಂದೇನೈತೆ? ಕರೆಂಟೂ ನಾವೇ ಕೊಡ್ತೀವಿ. ಪೂಜೆ ಒತ್ನಲ್ಲಿ ಮಾತ್ರ ಆಫ್ ಮಾಡ್ಬುಡ್ತೀನಿ."

ಗೇಟಿನಾಚೆ ಶೋಭಿತಾಳ ಜೊತೆ ನಿಂತಿದ್ದ ಅವಳ ತಾತ ಮರಿಯಯ್ಯ ಕೈ ಮುಗಿಯಹೋದ. ಊರೊಳಗೆ ಎಂದೂ ತುಟಿ ಬಿಚ್ಚದಿದ್ದ ಹುಡುಗಿಗೆ ಅದನ್ನು ಕಂಡದ್ದೇ ಮೈಯೆಲ್ಲ ಉರಿಯಿತು.

"ಕೈ ಇಳ್ಸು ತಾತ." ಅವಳು ಅವನ ಮುಂದೆ ಬಂದು ನಿಂತಳು. "ಗಾಳಿಗಿಲ್ದಿರೋ ಮೈಲಿಗೆ ವೈರಿಗೆಲ್ಲಿಂದ ಬಂತು ಮೀನಾಕ್ಷಮ್ಮ? ನಮ್ ನೆಟ್ಟಿನ ಸ್ವಿಚ್ಚು ನಿಮ್ ಗೋಡೇಲಿರೋದು ಬ್ಯಾಡ."

"ಏನ್ ಕೊಬ್ಬು ಕಣ್ಲಾ ಮರಿಯ, ನಿನ್ ಮೊಮ್ಮಗಳ್ಗೆ! ಅಂಗಾರೆ ಆಕಾಸದಲ್ಲಿ ಎಳ್ಕೊಳ್ಳಿ!"

"ಆಕಾಸ ನೀವೇ ಇಟ್ಕಳಿ. ರಸ್ತೆ ಪಂಚಾಯ್ತೀದು."

ಸಂತೋಷ್ ತಲೆ ಕೆರೆದುಕೊಂಡ. "ನೆಲದೊಳಕ್ಕಾದ್ರೆ ಪೈಪು ಬೇಕು. ಅಗೆಯೋಕೆ ನಮ್ಮತ್ರ ಆಳಿಲ್ಲ ಕಣವ್ವ."

"ಪೈಪು ತತ್ತಾ. ಅಗೆಯೋದು ನಮ್ಗೇನ್ ವಸ್ದಾ?"

ಮೂರು ದಿನ ಅಲೆದು ಪಂಚಾಯ್ತಿಯ ಒಪ್ಪಿಗೆ ತರುವಷ್ಟರಲ್ಲಿ ಅವಳ ಚಪ್ಪಲಿ ಸವೆಯಿತು. ಒಪ್ಪಿಗೆ ಕೈಗೆ ಬಂದ ಮರುದಿನವೇ ಗುದ್ದಲಿ ಹಿಡಿದಳು. ರಸ್ತೆಯಂಚು ಗಟ್ಟಿ ಜಲ್ಲಿ. ಒಂದೊಂದು ಏಟಿಗೂ ಅಂಗೈ ಚುರುಗುಟ್ಟಿತು. ಅವಳು ಇನ್ನೂ ಜೋರಾಗಿ ಹೊಡೆದಳು. ಮರಿಯಯ್ಯ ಹಿಂದೆಯೇ ಮಣ್ಣು ಎತ್ತಿ ಹಾಕುತ್ತ ಬಂದ. ಕಾಲುವೆಯಂಥ ಗುಂಡಿ ಮೀನಾಕ್ಷಮ್ಮನ ಗೇಟಿನ ಮುಂದೆ ಹಾದು ಕೇರಿಯತ್ತ ತಿರುಗಿತು. ಅದರೊಳಗೆ ಪೈಪು ಮಲಗಿತ್ತು.

ಡೇರಿಗೆ ಹಾಲು ಹಾಕಿ ಬಂದ ಮೀನಾಕ್ಷಮ್ಮ ಅಲ್ಲಿ ನಿಂತಳು. ಮನೆಗೆ ಬೇರೆ ದಾರಿಯಿರಲಿಲ್ಲ. ಅತ್ತ ನೋಡಿದಳು, ಇತ್ತ ನೋಡಿದಳು. ಆಮೇಲೆ ಒಂದು ಕೈಯಲ್ಲಿ ಖಾಲಿ ಕ್ಯಾನು, ಇನ್ನೊಂದರಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದು, ಗುಂಡಿಯಾಚೆಗೆ ಕಾಲು ಚಾಚಿದಳು.